ಕಡತದ ನೆತ್ತಿಯ ಮೇಲಿನ ಸಾಲು

ಪಂಪಭಾರತದ ಅಚ್ಚಾದ ಪ್ರತಿಯೊಂದನ್ನು ಗ್ರಂಥಾಲಯದಿಂದ ತಂದು ತೆರೆದು ನೋಡಿ. ಪದ್ಯಗಳ ಮೊದಲಲ್ಲಿ ‘ಕಂ’, ‘ಚಂ’, ‘ಉ’ ಎಂಬಂಥ ಗುರುತುಗಳಿರುತ್ತವೆ. ಗದ್ಯ ಬಂದಲ್ಲಿ ‘ವ’ ಎಂದಿರುತ್ತದೆ. ಕಂ ಎಂದರೆ ಕಂದಪದ್ಯ, ಚಂ ಎಂದರೆ ಚಂಪಕಮಾಲೆ, ಉ ಎಂದರೆ ಉತ್ಪಲಮಾಲೆ, ವ ಎಂದರೆ ವಚನ. ಕಂದಕ್ಕೆ ನಾಲ್ಕು ಸಾಲು. ನಾಲ್ಕು ಮಾತ್ರೆಯ ಗಣಗಳು. ಒಂದನೆಯ ಮತ್ತು ಮೂರನೆಯ ಸಾಲಿಗೆ ಮೂರು ಮೂರು ಗಣ, ಎರಡನೆಯ ಮತ್ತು ನಾಲ್ಕನೆಯ ಸಾಲಿಗೆ ಐದೈದು. ಒಟ್ಟು 64 ಮಾತ್ರೆ. ಈ ನಿಯಮವನ್ನು ಪಂಪಭಾರತದ ಪುಟದಲ್ಲಿ ಬರೆದಿಲ್ಲ. ಬರೆದಿರುವುದು ನಾಗವರ್ಮನ ‘ಛಂದೋಂಬುಧಿ’ಯಂಥ ಲಕ್ಷಣಗ್ರಂಥದಲ್ಲಿ. ಪದ್ಯದ ನೆತ್ತಿಯ ಮೇಲಿರುವ ‘ಕಂ’ ಎಂಬ ಗುರುತು ಹೇಳುವುದಿಷ್ಟೇ: ನನ್ನನ್ನು ಅಳೆಯುವ ನಿಯಮ ಬೇರೊಂದು ಕಡೆ ಇದೆ, ಅದರ ಹೆಸರು ಕಂದ.

ಗಣಕಯಂತ್ರದ ಕಡತಗಳಲ್ಲಿಯೂ ಇಂಥ ಒಂದು ಸಾಲು ಇರುತ್ತದೆ. ಅಂತರಜಾಲದ ಯಾವುದೇ ಪುಟದ ಮೂಲವನ್ನು ತೆರೆದರೆ ಸಾಮಾನ್ಯವಾಗಿ ಮೊದಲು ಕಣ್ಣಿಗೆ ಬೀಳುವುದು ‘ಡಾಕ್‌ಟೈಪ್’ ಎಂಬ ಪದ. ಬಹುಮಂದಿ ಅದನ್ನು ಮಂತ್ರದಂತೆ ನಕಲು ಮಾಡಿ ಅಂಟಿಸಿ ಮುಂದೆ ಹೋಗುತ್ತಾರೆ. ಆದರೆ ಆ ಒಂದು ಸಾಲು ಏನು ಹೇಳುತ್ತದೆ, ಯಾರಿಗೆ ಹೇಳುತ್ತದೆ ಎಂಬುದರಲ್ಲಿ ಒಂದು ಸ್ವಾರಸ್ಯದ ಸಮಸ್ಯೆ ಅಡಗಿದೆ. ಹೆಸರು ಬೇರೆ, ವಿಳಾಸ ಬೇರೆ ಎಂಬ ಸರಳ ಸಂಗತಿಯನ್ನು ಮರೆತರೆ ಏನಾಗುತ್ತದೆಂಬುದನ್ನು ಅದು ತೋರಿಸುತ್ತದೆ.

ಮೊದಲು ಮಾರ್ಕಪ್ ಎಂದರೇನೆಂದು ನೋಡೋಣ. ಹಿಂದೆ ಅಚ್ಚುಕೂಟಕ್ಕೆ ಹಸ್ತಪ್ರತಿ ಕಳಿಸುವ ಮುನ್ನ ಸಂಪಾದಕರು ಅಂಚಿನಲ್ಲಿ ಗುರುತು ಹಾಕುತ್ತಿದ್ದರು: ಇದು ಶೀರ್ಷಿಕೆ, ಇದು ದಪ್ಪಕ್ಷರ, ಇಲ್ಲಿಂದ ಹೊಸ ಪರಿಚ್ಛೇದ ಎಂದು. ಈ ಗುರುತು ಹಾಕುವ ಕೆಲಸಕ್ಕೇ ಇಂಗ್ಲಿಷಿನಲ್ಲಿ ಮಾರ್ಕಪ್ ಎಂದು ಹೆಸರು. 1969ರಲ್ಲಿ ಐಬಿಎಂ ಸಂಸ್ಥೆಯ ಚಾರ್ಲ್ಸ್ ಗೋಲ್ಡ್‌ಫಾರ್ಬ್, ಎಡ್ವರ್ಡ್ ಮೋಷರ್ ಮತ್ತು ರೇಮಂಡ್ ಲೋರಿ ಇದನ್ನು ಗಣಕಯಂತ್ರಕ್ಕೆ ತಂದರು. ‘ದಪ್ಪಕ್ಷರ’ ಎಂದು ರೂಪವನ್ನು ಹೇಳುವ ಬದಲು ‘ಶೀರ್ಷಿಕೆ’ ಎಂದು ಕೆಲಸವನ್ನು ಹೇಳಿದರೆ ಸಾಕು, ರೂಪವನ್ನು ಯಂತ್ರ ಆಮೇಲೆ ನಿರ್ಧರಿಸಲಿ ಎಂಬುದು ಅವರ ವಿಚಾರ. ಭಾಷೆಗೆ ಜಿಎಂಎಲ್ ಎಂದು ಹೆಸರಾಯಿತು. ಆ ಮೂರು ಅಕ್ಷರಗಳು ಮೂವರ ಅಡ್ಡಹೆಸರುಗಳ ಮೊದಲ ಇಂಗ್ಲಿಷ್ ಅಕ್ಷರಗಳೂ ಹೌದು ಎಂಬುದನ್ನು ಗಮನಿಸಿ! ಅದೇ ಬೆಳೆದು 1986ರಲ್ಲಿ ಐಎಸ್‌ಒ 8879 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು, ಹೆಸರು ಎಸ್‌ಜಿಎಂಎಲ್.

ಎಸ್‌ಜಿಎಂಎಲ್ ಒಂದು ಭಾಷೆ ಎನ್ನುವುದಕ್ಕಿಂತ ಭಾಷೆಗಳನ್ನು ಕಟ್ಟುವ ಸಾಧನ ಎನ್ನುವುದು ಸರಿ. ವಕೀಲರು ತಮ್ಮ ದಾಖಲೆಗಳಿಗೆ ಒಂದು ಭಾಷೆ ಕಟ್ಟಬಹುದು, ವಿಮಾನ ದುರಸ್ತಿಯ ಕೈಪಿಡಿ ಬರೆಯುವವರು ಇನ್ನೊಂದು ಕಟ್ಟಬಹುದು. ಆದ್ದರಿಂದಲೇ ಪ್ರತಿಯೊಂದು ಕಡತವೂ ತಾನು ಯಾವ ಭಾಷೆಯದೆಂದು ಹೇಳಿಕೊಳ್ಳಬೇಕಾಯಿತು. ಅದೂ ಎರಡು ಹಂತಗಳಲ್ಲಿ.

ಮೊದಲ ಹಂತ ಲಿಪಿಯದು. ಯಾವ ಚಿಹ್ನೆ ಗುರುತನ್ನು ಆರಂಭಿಸುತ್ತದೆ, ಯಾವುದು ಮುಗಿಸುತ್ತದೆ, ಗುರುತಿನ ಹೆಸರಿನಲ್ಲಿ ಎಷ್ಟು ಅಕ್ಷರಗಳಿರಬಹುದು ಎಂಬುದನ್ನೆಲ್ಲ ತಿಳಿಸುವ ಎಸ್‌ಜಿಎಂಎಲ್ ಘೋಷಣೆ ಇದು. ಗಣಿತದಲ್ಲಿ ‘ಕಿರಿದು’, ‘ಹಿರಿದು’ ಎನ್ನಲು ಬಳಸುವ ಕೋನಚಿಹ್ನೆಗಳ ಬದಲು ಬೇರೆ ಚಿಹ್ನೆ ಬೇಕಿದ್ದರೆ ಇಲ್ಲಿ ಬದಲಾಯಿಸಬಹುದಿತ್ತು. ಉದ್ದವಾದ ಈ ಘೋಷಣೆಯನ್ನು ಪ್ರತಿ ಕಡತದಲ್ಲೂ ಯಾರು ಬರೆಯುತ್ತಾರೆ? ಬಹುತೇಕ ಕಡತಗಳಲ್ಲಿ ಅದನ್ನು ಬಿಟ್ಟುಬಿಡುತ್ತಿದ್ದರು. ಓದುವ ಯಂತ್ರ ಮಾನಕದಲ್ಲಿರುವ ಮಾದರಿ ಘೋಷಣೆಯನ್ನೇ ಊಹಿಸಿಕೊಳ್ಳುತ್ತಿತ್ತು. ಮಾದರಿಯಲ್ಲಿ ಹೆಸರಿನ ಮಿತಿ 8 ಅಕ್ಷರ. ಎಚ್‌ಟಿಎಂಎಲ್ ಭಾಷೆಯ ‘ಬ್ಲಾಕ್‌ಕೋಟ್’ ಎಂಬ ಗುರುತಿಗೆ ಇಂಗ್ಲಿಷಿನಲ್ಲಿ 10 ಅಕ್ಷರ! ಮಾದರಿ ಘೋಷಣೆಯನ್ನು ನಂಬಿ ಓದುವ ಯಂತ್ರಕ್ಕೆ ಅದು ತಪ್ಪಾಗಿಯೇ ಕಾಣಬೇಕು. ಹೀಗಾಗಿ 1995ರ ನವೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 2.0 ತನ್ನದೇ ಘೋಷಣೆಯನ್ನು ಬರೆದು ಮಿತಿಯನ್ನು 72ಕ್ಕೆ ಏರಿಸಿಕೊಂಡಿತು. ಆದರೆ ಪುಟಗಳು ಆ ಘೋಷಣೆಯನ್ನು ಹೊತ್ತು ತಿರುಗಲಿಲ್ಲ. ಓದುವವರಿಗೆ ಅದು ಗೊತ್ತಿರಬೇಕು, ಅಷ್ಟೆ.

ಎರಡನೆಯ ಹಂತ ವ್ಯಾಕರಣದ್ದು. ಯಾವ ಯಾವ ಗುರುತುಗಳಿವೆ, ಯಾವುದರ ಒಳಗೆ ಯಾವುದು ಬರಬಹುದು, ಎಷ್ಟು ಸಲ ಬರಬಹುದು ಎಂಬುದನ್ನು ಹೇಳುವುದು ಡಿಟಿಡಿ, ಅಂದರೆ ದಾಖಲೆಯ ಜಾತಿಯ ಲಕ್ಷಣ. ಡಾಕ್‌ಟೈಪ್ ಸಾಲು ತೋರಿಸುವುದು ಇದನ್ನು. 1999ರ ಡಿಸೆಂಬರಿನಲ್ಲಿ ಬಂದ ಎಚ್‌ಟಿಎಂಎಲ್ 4.01ರ ಸಾಲನ್ನು ನೋಡಿ. ಮೂಲದಲ್ಲಿ ಇದು ರೋಮನ್ ಲಿಪಿಯಲ್ಲಿರುತ್ತದೆ, ಇಲ್ಲಿ ಓದುವ ಅನುಕೂಲಕ್ಕೆ ಕನ್ನಡ ಅಕ್ಷರಗಳಲ್ಲಿ ಕೊಟ್ಟಿದೆ:

<!ಡಾಕ್‌ಟೈಪ್ ಎಚ್‌ಟಿಎಂಎಲ್ ಪಬ್ಲಿಕ್ "-//ಡಬ್ಲ್ಯು3ಸಿ//ಡಿಟಿಡಿ ಎಚ್‌ಟಿಎಂಎಲ್ 4.01//ಇಎನ್" "ಎಚ್‌ಟಿಟಿಪಿ://ಡಬ್ಲ್ಯುಡಬ್ಲ್ಯುಡಬ್ಲ್ಯು.ಡಬ್ಲ್ಯು3.ಆರ್ಗ್/ಟಿಆರ್/ಎಚ್‌ಟಿಎಂಎಲ್4/ಸ್ಟ್ರಿಕ್ಟ್.ಡಿಟಿಡಿ">

ಡಾಕ್‌ಟೈಪ್ ಆದ ಮೇಲೆ ಬರುವ ‘ಎಚ್‌ಟಿಎಂಎಲ್’ ಎಂಬುದು ಇಡೀ ಕಡತವನ್ನು ಸುತ್ತುವರಿದಿರುವ ಹೊರಗಿನ ಗುರುತಿನ ಹೆಸರು. ಮುಂದಿನ ‘ಪಬ್ಲಿಕ್’ ಎಂಬ ಪದದ ನಂತರ ಉದ್ಧರಣ ಚಿಹ್ನೆಗಳಲ್ಲಿ ಎರಡು ತುಂಡುಗಳಿವೆ. ಮೊದಲನೆಯದು ಹೆಸರು, ಎರಡನೆಯದು ವಿಳಾಸ. ಇಡೀ ಕಥೆ ಇರುವುದು ಈ ಎರಡರ ನಡುವೆ.

ಹೆಸರನ್ನು ಜೋಡಿ ಓರೆಗೆರೆಗಳಿಂದ ಭಾಗ ಮಾಡಿದೆ. ಆರಂಭದ ಕಳೆಯುವ ಚಿಹ್ನೆಯನ್ನು ಕಂಡು ಏನೋ ಕೊರತೆಯಿದೆ ಎಂದುಕೊಳ್ಳಬೇಡಿ. ಈ ಹೆಸರಿನ ಒಡೆಯರು ಐಎಸ್‌ಒ ಪದ್ಧತಿಯಂತೆ ನೋಂದಣಿ ಮಾಡಿಸಿಲ್ಲ ಎಂದಷ್ಟೇ ಅದರ ಅರ್ಥ. ನೋಂದಾಯಿತರಿಗೆ ಕೂಡುವ ಚಿಹ್ನೆ. ಐಎಸ್‌ಒ ತಾನೇ ಕೊಟ್ಟ ಹೆಸರಾದರೆ ಎರಡೂ ಇಲ್ಲ, ನೇರವಾಗಿ ಮಾನಕದ ಸಂಖ್ಯೆ. ಮುಂದಿನ ಭಾಗ ಒಡೆಯರ ಹೆಸರು: ಇಲ್ಲಿ ಡಬ್ಲ್ಯು3ಸಿ, ಅಂದರೆ ಅಂತರಜಾಲದ ಮಾನಕಗಳಿಗಾಗಿ ಟಿಮ್ ಬರ್ನರ್ಸ್-ಲೀ 1994ರಲ್ಲಿ ಸ್ಥಾಪಿಸಿದ ಒಕ್ಕೂಟ. ಅದರ ಮುಂದೆ ಇದು ಡಿಟಿಡಿ ಎಂಬ ವರ್ಗ ಮತ್ತು ವಿವರಣೆ. ಕೊನೆಯಲ್ಲಿ ‘ಇಎನ್’, ಅಂದರೆ ಇಂಗ್ಲಿಷ್. ಇಲ್ಲಿ ಅನೇಕರು ಎಡವುತ್ತಾರೆ. ಕನ್ನಡದ ಪುಟವನ್ನು ಬರೆದು, ಇದು ಕನ್ನಡ ತಾನೇ ಎಂದು ‘ಇಎನ್’ ಅಳಿಸಿ ಕನ್ನಡದ ಸಂಕೇತ ಹಾಕುವುದುಂಟು. ತಪ್ಪು! ಆ ಭಾಷಾಸಂಕೇತ ಡಿಟಿಡಿಯನ್ನು ಬರೆದ ಭಾಷೆಯದು, ನಿಮ್ಮ ಪುಟದ್ದಲ್ಲ. ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸಿನ ಬಗ್ಗೆ ಕನ್ನಡದಲ್ಲಿ ಬರೆದರೆಂದು ಸಂಸ್ಕೃತ ಶ್ಲೋಕದ ಅನುಷ್ಟುಪ್ ಕನ್ನಡದ್ದಾಗುವುದಿಲ್ಲ, ಹಾಗೆಯೇ ಇದೂ.

ಈಗ ಇಬ್ಬರು ಗ್ರಂಥಪಾಲಕರನ್ನು ಕಲ್ಪಿಸಿಕೊಳ್ಳಿ. ಒಬ್ಬರಿಗೆ ನೀವು ‘ಛಂದೋಂಬುಧಿ ಕೊಡಿ’ ಎನ್ನುತ್ತೀರಿ. ಅವರು ಸೂಚಿಯನ್ನು ನೋಡಿ, ತಮ್ಮ ಬಳಿ ಇರುವ ಪ್ರತಿಯನ್ನು, ಅದು ಯಾವ ಕಪಾಟಿನಲ್ಲಿದ್ದರೂ ತಂದುಕೊಡುತ್ತಾರೆ. ಇನ್ನೊಬ್ಬರಿಗೆ ‘ಎರಡನೆಯ ಮಹಡಿ, ಕಿಟಕಿಯ ಪಕ್ಕದ ಕಪಾಟು, ಮೂರನೆಯ ಅರೆ, ಎಡದಿಂದ ಐದನೆಯದು’ ಎನ್ನುತ್ತೀರಿ. ಕಪಾಟನ್ನು ಸರಿಸಿದ ದಿನ ಅಲ್ಲಿಂದ ಯಾವ ಪುಸ್ತಕ ಬಂದೀತೋ! ಹೆಸರಿಗೆ ಸೂಚಿ ಬೇಕು. ವಿಳಾಸಕ್ಕೆ ಸೂಚಿ ಬೇಡ, ಆದರೆ ವಿಳಾಸ ಮುಪ್ಪಾಗುತ್ತದೆ.

ಎಸ್‌ಜಿಎಂಎಲ್ ಕಾಲದವರು ಹೆಸರನ್ನೇ ನಂಬಿದವರು. ವಿಳಾಸವಿಲ್ಲದೆ ಬರೀ ಹೆಸರಷ್ಟೇ ಇದ್ದರೂ ಅವರ ಸಾಲು ಪೂರ್ಣ. ಹೆಸರಿನಿಂದ ಕಡತವನ್ನು ಹುಡುಕಲು ಪ್ರತಿ ಯಂತ್ರದಲ್ಲೂ ‘ಕ್ಯಾಟಲಾಗ್’ ಎಂಬ ಪುಟ್ಟ ಸೂಚಿ ಇರುತ್ತಿತ್ತು: ಇಂಥ ಹೆಸರಿನ ಡಿಟಿಡಿ ನಮ್ಮಲ್ಲಿ ಇಂಥ ಕಡತದಲ್ಲಿದೆ ಎಂದು ಒಂದೊಂದು ಸಾಲು. ಮೊದಲ ಹಂತದ ಘೋಷಣೆಯ ಸಮಸ್ಯೆಗೂ ಈ ಸೂಚಿಯಲ್ಲಿಯೇ ಪರಿಹಾರ ಸಿಕ್ಕಿತು. ಇಂಥ ಡಿಟಿಡಿಯನ್ನು ಹೆಸರಿಸಿದ ಕಡತ ಬಂದರೆ ಇಂಥ ಎಸ್‌ಜಿಎಂಎಲ್ ಘೋಷಣೆಯನ್ನು ಊಹಿಸಿಕೋ ಎಂದು ಅದರಲ್ಲಿ ಬರೆದಿಡಬಹುದಿತ್ತು. ಬ್ಲಾಕ್‌ಕೋಟಿನ ಹತ್ತು ಅಕ್ಷರ ಹೀಗೆ ಪಾರಾಯಿತು.

1998ರ ಫೆಬ್ರವರಿಯಲ್ಲಿ ಎಕ್ಸ್‌ಎಂಎಲ್ ಬಂತು. ಅದು ಎಸ್‌ಜಿಎಂಎಲ್‌ನ ಹೊರೆ ಇಳಿಸಿದ ರೂಪ. ಮೊದಲ ಹಂತದ ಘೋಷಣೆಯನ್ನು ಅದು ತೆಗೆದೇ ಹಾಕಿತು. ಚಿಹ್ನೆಗಳು ಎಲ್ಲರಿಗೂ ಒಂದೇ, ಹೆಸರಿನ ಉದ್ದಕ್ಕೆ ಮಿತಿಯಿಲ್ಲ. ಉಳಿದದ್ದು ಆವೃತ್ತಿಯನ್ನೂ ಅಕ್ಷರ ಸಂಕೇತವನ್ನೂ ಹೇಳುವ ಒಂದು ಚಿಕ್ಕ ಸಾಲು. ಯೂನಿಕೋಡನ್ನು ಆಧಾರವಾಗಿಟ್ಟುಕೊಂಡದ್ದರಿಂದ ಗುರುತಿನ ಹೆಸರುಗಳನ್ನು ಕನ್ನಡದಲ್ಲಿಯೇ ಬರೆಯಲು ಅವಕಾಶವಾಯಿತು. ಇದು ಬಹಳ ಜನಕ್ಕೆ ಗೊತ್ತಿಲ್ಲ. ಎಕ್ಸ್‌ಎಂಎಲ್‌ನ ಇನ್ನೊಂದು ತೀರ್ಮಾನವೇ ಮುಂದಿನ ಫಜೀತಿಗೆ ಕಾರಣವಾದದ್ದು. ಡಾಕ್‌ಟೈಪ್ ಸಾಲಿನಲ್ಲಿ ಹೆಸರು ಇದ್ದರೂ ಸರಿ, ಇಲ್ಲದಿದ್ದರೂ ಸರಿ, ಹೊರಗಿನ ಡಿಟಿಡಿಯನ್ನು ತೋರಿಸುವುದಾದರೆ ವಿಳಾಸ ಇರಲೇಬೇಕು ಎಂದಿತು ಅದು. ಸೂಚಿ ಇಟ್ಟುಕೊಳ್ಳದ ಯಂತ್ರಕ್ಕೂ ಡಿಟಿಡಿ ಸಿಗಲಿ ಎಂಬ ಸದುದ್ದೇಶ. ಅಂತರಜಾಲ ಇದೆಯಲ್ಲ, ಹೋಗಿ ತಂದರಾಯಿತು!

ಹೋಗಿ ತಂದರು. ತರುತ್ತಲೇ ಇದ್ದರು. 2008ರ ಫೆಬ್ರವರಿಯಲ್ಲಿ ಡಬ್ಲ್ಯು3ಸಿ ಒಂದು ಅಳಲನ್ನು ಪ್ರಕಟಿಸಿತು. ವರ್ಷಗಳಿಂದ ಒಂದಕ್ಷರವೂ ಬದಲಾಗದ ಡಿಟಿಡಿಗಳನ್ನೂ ಅಂಥ ಇತರ ಕಡತಗಳನ್ನೂ ಕೇಳಿಕೊಂಡು ದಿನಕ್ಕೆ 13 ಕೋಟಿಯವರೆಗೆ ಕೋರಿಕೆಗಳು ಬರುತ್ತಿದ್ದುವು. ಲೆಕ್ಕ ಹಾಕಿದರೆ ಸೆಕೆಂಡಿಗೆ ಸರಾಸರಿ ಒಂದೂವರೆ ಸಾವಿರ. ಬ್ರೌಸರುಗಳಿಂದ ಬಂದದ್ದಲ್ಲ, ಅವು ಡಿಟಿಡಿಯನ್ನು ತರಿಸಿಕೊಳ್ಳುವ ಗೋಜಿಗೇ ಹೋಗುವುದಿಲ್ಲ. ಕಡತ ತೆರೆದಾಗಲೆಲ್ಲ ತಲೆಯ ಮೇಲಿನ ವಿಳಾಸಕ್ಕೆ ಓಡಿಹೋಗಿ, ತಂದದ್ದನ್ನು ಉಳಿಸಿಕೊಳ್ಳದೆ, ಮುಂದಿನ ಕಡತಕ್ಕೆ ಮತ್ತೆ ಓಡುವ ಸಾವಿರಾರು ಪ್ರೋಗ್ರಾಮುಗಳ ಕೆಲಸ ಅದು. ಪ್ರತಿ ಕಂದಪದ್ಯ ಬಂದಾಗಲೂ ನಾಗವರ್ಮನ ಮನೆಯ ಬಾಗಿಲು ತಟ್ಟಿದಂತೆ. ಕೊನೆಗೆ ಡಬ್ಲ್ಯು3ಸಿ ಇಂಥ ಕೋರಿಕೆಗಳಿಗೆ ಬೇಕೆಂದೇ ತಡಮಾಡಿ ಉತ್ತರಿಸಲು ಆರಂಭಿಸಿತು.

ಮನೆಯ ಯಜಮಾನನೇ ಊರು ಬಿಟ್ಟರೆ? ಅದೂ ಆಯಿತು. ಸುದ್ದಿಯ ಶೀರ್ಷಿಕೆಗಳನ್ನು ಹಂಚುವ ಆರ್‌ಎಸ್‌ಎಸ್ ಎಂಬ ಮಾದರಿಯ 0.91 ಆವೃತ್ತಿಯನ್ನು ನೆಟ್‌ಸ್ಕೇಪ್ ಕಂಪನಿ 1999ರಲ್ಲಿ ಹೊರತಂದಿತ್ತು. ಆ ಮಾದರಿಯ ಕಡತಗಳೆಲ್ಲ ತಲೆಯ ಮೇಲೆ ನೆಟ್‌ಸ್ಕೇಪಿನ ವಿಳಾಸ ಹೊತ್ತಿದ್ದುವು. 2007ರ ಜನವರಿಯಲ್ಲಿ ಆ ವಿಳಾಸದಲ್ಲಿದ್ದ ಡಿಟಿಡಿ ಕಾಣೆಯಾಯಿತು. ವಿಳಾಸವನ್ನು ನಂಬಿದ್ದ ಪ್ರೋಗ್ರಾಮುಗಳು ಅದಕ್ಕೂ ನೆಟ್‌ಸ್ಕೇಪಿಗೂ ಸಂಬಂಧವೇ ಇಲ್ಲದ ಸುದ್ದಿಗಳನ್ನು ತೋರಿಸಲಾರದೆ ನಿಂತುಬಿಟ್ಟವು. ಕಂಪನಿ ಕಡತವನ್ನು ಮರಳಿ ಇಟ್ಟಿತು. ಆದರೆ ಇದು ಕೆಲವು ತಿಂಗಳ ಮಟ್ಟಿಗೆ ಮಾತ್ರ, ನಿಮ್ಮ ವ್ಯವಸ್ಥೆ ಮಾಡಿಕೊಳ್ಳಿ ಎಂದಿತು. ಸುದ್ದಿ ಕಡತದಲ್ಲಿ ಒಂದಕ್ಷರವೂ ಕೆಟ್ಟಿರಲಿಲ್ಲ ಎಂಬುದನ್ನು ನೆನಪಿಡಿ. ಕೆಟ್ಟದ್ದು ಬೇರೆ ಯಾರದೋ ಮನೆಯ ವಿಳಾಸ. ಇಂಥ ಕಾಟಕ್ಕೆ ಹಳೆಯ ಸೂಚಿಯ ಉಪಾಯವೇ ಮದ್ದೆಂದು ಒಯಾಸಿಸ್ ಎಂಬ ಸಂಸ್ಥೆ ಎಕ್ಸ್‌ಎಂಎಲ್‌ಗೂ ಕ್ಯಾಟಲಾಗ್ ರೂಪಿಸಿತು. ಅದರಲ್ಲಿ ವಿಳಾಸವನ್ನೂ ಹೆಸರಿನಂತೆಯೇ ನೋಡಿ, ಊರಾಚೆ ಹೋಗದೆ ಮನೆಯಲ್ಲಿರುವ ಪ್ರತಿಯನ್ನು ತೆಗೆಯಬಹುದು.

ವಿಳಾಸದ ಹಿಂದೆ ಕುರುಡಾಗಿ ಓಡುವುದರಲ್ಲಿ ಇನ್ನೂ ಒಂದು ಅಪಾಯವಿದೆ. ಡಿಟಿಡಿಯಲ್ಲಿ ವ್ಯಾಕರಣದ ಜೊತೆಗೆ ಸಂಕ್ಷೇಪಗಳನ್ನೂ ಘೋಷಿಸಬಹುದು. ‘ಕಸಾಪ’ ಎಂದು ಬಂದಲ್ಲಿ ‘ಕನ್ನಡ ಸಾಹಿತ್ಯ ಪರಿಷತ್ತು’ ಎಂದು ಓದಿಕೋ ಎನ್ನುವಂತೆ. ಸಂಕ್ಷೇಪದ ಬಿಡಿಸಿದ ರೂಪ ಬೇರೊಂದು ಕಡತದಲ್ಲಿದೆ ಎಂದೂ ಹೇಳಬಹುದು. ದುರುಳನೊಬ್ಬ ಆ ‘ಬೇರೊಂದು ಕಡತ’ದ ಜಾಗದಲ್ಲಿ ಓದುವ ಯಂತ್ರದೊಳಗಿನ ಗುಟ್ಟಿನ ಕಡತದ ವಿಳಾಸ ಬರೆದು ಕಳಿಸಿದರೆ, ಪೆದ್ದ ಪ್ರೋಗ್ರಾಮು ಅದನ್ನು ತೆರೆದು ಒಳಗಿರುವುದನ್ನು ಅವನಿಗೇ ಓದಿ ಹೇಳೀತು. ಅಂತರಜಾಲದ ಭದ್ರತೆಯ ಹತ್ತು ಪ್ರಮುಖ ಅಪಾಯಗಳೆಂದು ಓವಾಸ್ಪ್ ಸಂಸ್ಥೆ 2017ರಲ್ಲಿ ಪಟ್ಟಿ ಮಾಡಿದಾಗ ಇದಕ್ಕೆ ನಾಲ್ಕನೆಯ ಸ್ಥಾನ ಸಿಕ್ಕಿತು. ಇನ್ನೊಂದು ತಂಟೆ, ಹತ್ತರ ಮಗ್ಗಿಯದು: ಒಂದು ಸಂಕ್ಷೇಪ ಬಿಡಿಸಿದರೆ ಹತ್ತು, ಅವುಗಳಲ್ಲಿ ಒಂದೊಂದು ಬಿಡಿಸಿದರೆ ಮತ್ತೆ ಹತ್ತು. ಹೀಗೆ ಒಂಬತ್ತು ಮೆಟ್ಟಿಲು ಏರಿದರೆ ನೂರು ಕೋಟಿ. ಅರ್ಧ ಪುಟದ ಕಡತ ಯಂತ್ರದ ಸ್ಮರಣೆಯನ್ನೆಲ್ಲ ನುಂಗಿಬಿಡುತ್ತದೆ.

ಇಷ್ಟೆಲ್ಲ ಆಗುತ್ತಿರುವಾಗ ಬ್ರೌಸರುಗಳು ಡಾಕ್‌ಟೈಪ್ ಸಾಲಿಗೆ ಬೇರೆಯೇ ಕೆಲಸ ಕೊಟ್ಟಿದ್ದುವು. 90ರ ದಶಕದ ಬ್ರೌಸರುಗಳು ಪುಟವಿನ್ಯಾಸದ ಮಾನಕವನ್ನು ತಮಗೆ ತೋಚಿದಂತೆ ಅರ್ಥಮಾಡಿಕೊಂಡಿದ್ದುವು. ಅವುಗಳ ತಪ್ಪಿಗೆ ಹೊಂದಿಸಿ ಬರೆದ ಪುಟಗಳು ಲೆಕ್ಕವಿಲ್ಲದಷ್ಟು. ಬ್ರೌಸರು ತನ್ನ ತಪ್ಪು ತಿದ್ದಿಕೊಂಡರೆ ಹಳೆಯ ಪುಟಗಳೆಲ್ಲ ಕೆಡುತ್ತವೆ. ತಿದ್ದಿಕೊಳ್ಳದಿದ್ದರೆ ಹೊಸ ಪುಟಗಳು ಕೆಡುತ್ತವೆ. 2000ದಲ್ಲಿ ಬಂದ ಮ್ಯಾಕಿಂಟಾಷ್‌ನ ಇಂಟರ್ನೆಟ್ ಎಕ್ಸ್‌ಪ್ಲೋರರ್ 5 ಒಂದು ಜಾಣತನ ಮಾಡಿತು. ಮಾನಕವನ್ನು ಬಲ್ಲವರು ಮಾತ್ರ ಪೂರ್ಣ ಡಾಕ್‌ಟೈಪ್ ಬರೆಯುತ್ತಾರೆ. ಆದ್ದರಿಂದ ಆ ಸಾಲು ಇದ್ದರೆ ಮಾನಕದಂತೆ ನಡೆ, ಇಲ್ಲದಿದ್ದರೆ ಹಳೆಯ ಚಾಳಿಯಂತೆ ನಡೆ ಎಂದುಕೊಂಡಿತು. ಉಳಿದ ಬ್ರೌಸರುಗಳೂ ಇದನ್ನೇ ಅನುಸರಿಸಿದವು. ವ್ಯಾಕರಣಗ್ರಂಥವನ್ನು ತೋರಿಸಬೇಕಾದ ಸಾಲು ದೀಪದ ಸ್ವಿಚ್ಚಾಯಿತು! ಡಿಟಿಡಿಯೇ ಇಲ್ಲದ ಇಂದಿನ ಎಚ್‌ಟಿಎಂಎಲ್‌ನಲ್ಲಿ ಉಳಿದಿರುವುದು ಈ ಸ್ವಿಚ್ಚು ಮಾತ್ರ. 2014ರಲ್ಲಿ ಮಾನಕವಾದ ಎಚ್‌ಟಿಎಂಎಲ್5ರ ಡಾಕ್‌ಟೈಪಿನಲ್ಲಿ ಹೆಸರೂ ಇಲ್ಲ, ವಿಳಾಸವೂ ಇಲ್ಲ, ರೋಮನ್ ಲಿಪಿಯಲ್ಲಿ ಬರೆದರೆ ಚಿಹ್ನೆಗಳೂ ತೆರಪೂ ಸೇರಿ ಹದಿನೈದೇ ಅಕ್ಷರ.

ಪುನಃ ಕಂದಕ್ಕೆ ಬರೋಣ. ಡಿಟಿಡಿಯನ್ನು ದೂರದಲ್ಲಿಡದೆ ಕಡತದ ತಲೆಯಲ್ಲಿಯೇ ಚೌಕ ಆವರಣದೊಳಗೆ ಬರೆಯಲೂ ಬರುತ್ತದೆ. ಎಕ್ಸ್‌ಎಂಎಲ್‌ನಲ್ಲಿ ಕನ್ನಡ ಹೆಸರುಗಳಿಂದಲೇ ಪದ್ಯದ ವ್ಯಾಕರಣ ಬರೆದರೆ ಹೀಗಿರುತ್ತದೆ:

<!ಡಾಕ್‌ಟೈಪ್ ಕಂದ [
<!ಎಲಿಮೆಂಟ್ ಕಂದ (ಸಾಲು, ಸಾಲು, ಸಾಲು, ಸಾಲು)>
<!ಎಲಿಮೆಂಟ್ ಸಾಲು (#ಪಿಸಿಡಾಟಾ)>
]>

ಡಾಕ್‌ಟೈಪ್, ಎಲಿಮೆಂಟ್, ಪಿಸಿಡಾಟಾ ಎಂಬ ಪದಗಳನ್ನು ಮಾತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಕಂದ, ಸಾಲು ಎಂಬುವನ್ನು ಹೀಗೆ ಕನ್ನಡದಲ್ಲೇ ಬಿಡಬಹುದು. ಕಂದದಲ್ಲಿ ನಾಲ್ಕು ಸಾಲು ಇರಲೇಬೇಕು, ಸಾಲಿನೊಳಗೆ ಬರೀ ಅಕ್ಷರ ಎಂದು ಇದರ ಅರ್ಥ. ಮೂರೇ ಸಾಲು ಬರೆದರೆ ಪರೀಕ್ಷಿಸುವ ಪ್ರೋಗ್ರಾಮು ತಪ್ಪೆನ್ನುತ್ತದೆ. ಆದರೆ ಎರಡನೆಯ ಸಾಲಿನಲ್ಲಿ 20 ಮಾತ್ರೆಯ ಬದಲು 19 ಇದ್ದರೆ ಸುಮ್ಮನಿರುತ್ತದೆ. ಡಿಟಿಡಿಗೆ ಪ್ರಸ್ತಾರ ಹಾಕಲು ಬಾರದು. ಅದು ಪೆಟ್ಟಿಗೆಗಳನ್ನು ಎಣಿಸುತ್ತದೆ, ಒಳಗಿನ ಸರಕನ್ನು ತೂಗುವುದಿಲ್ಲ. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲೆಂದೇ 2001ರಲ್ಲಿ ಎಕ್ಸ್‌ಎಂಎಲ್ ಸ್ಕೀಮಾ, ರಿಲ್ಯಾಕ್ಸ್ ಎನ್‌ಜಿ ಎಂಬ ಬೇರೆ ವ್ಯಾಕರಣ ಪದ್ಧತಿಗಳು ಬಂದವು.

ಇವುಗಳಲ್ಲಿ ಮೊದಲನೆಯದು ಕಡತದಲ್ಲಿ ವ್ಯಾಕರಣದ ವಿಳಾಸ ಬರೆಯಲು ಒಪ್ಪುತ್ತದೆ, ಆದರೆ ಅದು ಬರೀ ಸೂಚನೆ. ಓದುವವನು ಅದನ್ನು ಕೇಳಲೇಬೇಕೆಂದಿಲ್ಲ. ಎರಡನೆಯದನ್ನು ರೂಪಿಸಿದ ಜೇಮ್ಸ್ ಕ್ಲಾರ್ಕ್ ಮತ್ತು ಮುರಾತಾ ಮಕೋತೊ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಕಡತದೊಳಗಿನಿಂದ ವ್ಯಾಕರಣವನ್ನು ತೋರಿಸುವ ಏರ್ಪಾಟನ್ನೇ ಅವರು ತಮ್ಮ ಪದ್ಧತಿಯಲ್ಲಿ ಇಡಲಿಲ್ಲ. ಯೋಚಿಸಿ ನೋಡಿದರೆ ಇದರಲ್ಲಿ ನ್ಯಾಯವಿದೆ. ನಿಮ್ಮ ಕಾಲೇಜಿಗೆ ಹೊರಗಿನಿಂದ ಒಂದು ಅರ್ಜಿ ಕಡತ ಬರುತ್ತದೆನ್ನಿ. ಅದು ಸರಿಯಾಗಿದೆಯೇ ಎಂದು ನೋಡಬೇಕಾದದ್ದು ಕಾಲೇಜಿನ ನಿಯಮದಂತೆ. ಅರ್ಜಿಯೇ ‘ನನ್ನನ್ನು ಈ ನಿಯಮದಿಂದ ಪರೀಕ್ಷಿಸಿ’ ಎಂದು ತನ್ನ ಅನುಕೂಲದ ವಿಳಾಸ ಹೇಳಿದರೆ, ವಿದ್ಯಾರ್ಥಿ ತನ್ನ ಪರೀಕ್ಷಕನನ್ನು ತಾನೇ ಆರಿಸಿಕೊಂಡಂತೆ! ಅದೇ ಒಂದು ಹಳೆಯ ಕಾವ್ಯವನ್ನೋ ಕೈಪಿಡಿಯನ್ನೋ ಮುಂದಿನ ಪೀಳಿಗೆಗೆಂದು ಗುರುತು ಹಾಕಿ ತೆಗೆದಿಡುವಾಗ ಮಾತು ಬೇರೆ. ಐವತ್ತು ವರ್ಷದ ನಂತರ ತೆರೆಯುವವನ ಮುಂದೆ ನೀವಿರುವುದಿಲ್ಲ, ಬಹುಶಃ ನಿಮ್ಮ ಜಾಲತಾಣವೂ ಇರುವುದಿಲ್ಲ. ಅಲ್ಲಿ ಕಡತ ತನ್ನ ವ್ಯಾಕರಣದ ಹೆಸರನ್ನು ಹೇಳಲೇಬೇಕು, ವ್ಯಾಕರಣದ ಒಂದು ಪ್ರತಿಯೂ ಜೊತೆಯಲ್ಲೇ ಇರಬೇಕು. ನನ್ನ ಮಟ್ಟಿಗೆ, ಕಡತ ಸಂರಕ್ಷಿಸುವವರು ಹೆಸರನ್ನೂ, ಕಡತ ಸ್ವೀಕರಿಸುವವರು ತಮ್ಮದೇ ಸೂಚಿಯನ್ನೂ ನಂಬುವುದು ಸರಿ.

ಮನೆಯಲ್ಲಿ ಗಣಕಯಂತ್ರವಿದ್ದವರು ಒಂದು ಪ್ರಯೋಗ ಮಾಡಬಹುದು. ಬ್ರೌಸರಿನಲ್ಲಿ ಯಾವುದಾದರೂ ಸರಳ ಪುಟ ತೆರೆದು, ಕಂಟ್ರೋಲ್ ಕೀಲಿಯ ಜೊತೆ ‘ಯು’ ಒತ್ತಿ ಮೂಲವನ್ನು ನೋಡಿ. ಪುಟವನ್ನು ಯಂತ್ರದಲ್ಲಿ ಉಳಿಸಿಕೊಂಡು, ಅದರ ಇನ್ನೊಂದು ಪ್ರತಿಯಲ್ಲಿ ಡಾಕ್‌ಟೈಪ್ ಸಾಲನ್ನು ಮಾತ್ರ ಅಳಿಸಿ, ಎರಡನ್ನೂ ಅಕ್ಕಪಕ್ಕ ತೆರೆಯಿರಿ. ಕೋಷ್ಟಕದೊಳಗಿನ ಅಕ್ಷರಗಳ ಗಾತ್ರ, ಚೌಕಗಳ ಎತ್ತರ, ಚಿತ್ರದ ಕೆಳಗಿನ ತೆರಪು, ಇವುಗಳಲ್ಲಿ ಯಾವುದು ಬದಲಾಯಿತೆಂದು ಗುರುತು ಹಾಕಿಕೊಳ್ಳಿ. ಕೆಲವು ಪುಟಗಳಲ್ಲಿ ಏನೂ ಬದಲಾಗದೆಯೂ ಇರಬಹುದು. ಹಾಗಾದರೆ ಕೋಷ್ಟಕಗಳಿರುವ ಇನ್ನೊಂದು ಪುಟದಲ್ಲಿ ನೋಡಿ.